ಬಿಸಿ ಆದ್ಮೇಲೆ ಸ್ಲೋನಲ್ಲಿ ಆಯಿಲ್ ಲೈಟ್ ಮಿಣುಕ್ತಿದೆ, ಇಂಜಿನ್ ಬಿಚ್ಚಿಸ್ಲೇಬೇಕಾ?

ಪ್ರಶ್ನೆ:
ಸರ್ ನಮಸ್ತೆ. ನನ್ನದು 1.2 ಲೀಟರ್ ಪೆಟ್ರೋಲ್ ಗಾಡಿ, 1,10,000 ಕಿಮೀ ಓಡಿದೆ. ಸ್ವಲ್ಪ ದೂರ ಓಡ್ಸಿ ಸಿಗ್ನಲಲ್ಲಿ ನಿಲ್ಲಿಸಿದ್ರೆ ಕೆಂಪು ಆಯಿಲ್ ಲೈಟ್ ಮಿಣುಕುತ್ತೆ, ಒಂಚೂರು ರೇಸ್ ಕೊಟ್ರೆ ಆಫ್. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಏನೂ ಇರಲ್ಲ. ಡಿಪ್ ಸ್ಟಿಕ್ಕಲ್ಲಿ ಆಯಿಲ್ ಕರೆಕ್ಟಾಗೇ ಇದೆ, ಇತ್ತೀಚೆಗೆ ಚೇಂಜ್ ಕೂಡ ಆಗಿದೆ. ಒಬ್ರು ಸೆನ್ಸರ್ ಹಾಕ್ಸಿ ಅಂತಾರೆ, ಇನ್ನೊಬ್ರು ನೇರವಾಗಿ ಇಂಜಿನ್ ಕೆಲಸ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ (ಮೆಕ್ಯಾನಿಕ್):
ಸದ್ಯಕ್ಕೆ ಯಾರ ಮಾತೂ ಬೇಡ, ಮೊದ್ಲು ಅಳೀಬೇಕು. ಅಲ್ಲೀವರ್ಗೂ ಗಾಡಿ ಓಡಿಸ್ಬೇಡಿ, ಚೆಕ್ ಮಾಡೋಕೆ ಎಷ್ಟು ಬೇಕೋ ಅಷ್ಟೇ ಸ್ಟಾರ್ಟ್ ಮಾಡಿ.

ಆ ಕೆಂಪು ಲೈಟು ಆಯಿಲ್ ಎಷ್ಟಿದೆ ಅಂತ ಹೇಳೋದಲ್ಲ, ಪ್ರೆಶರ್ ಹೇಳೋದು, ಅದೂ ಹೆಚ್ಚಿನ ಗಾಡೀಲಿ ಬರೀ ಒಂದು ಆನ್-ಆಫ್ ಸ್ವಿಚ್ (ಅವ್ರು ಸೆನ್ಸರ್ ಅಂದಿದ್ದು ಇದನ್ನೇ), ಸುಮಾರು 0.3ರಿಂದ 0.5 ಬಾರ್‌ಗಿಂತ (ಬಾರ್ ಅಂದ್ರೆ ಪ್ರೆಶರ್ ಅಳತೆ) ಕೆಳಗೆ ಇಳಿದ್ರೆ ಮಾತ್ರ ಉರಿಯುತ್ತೆ. ಅಂದ್ರೆ ಲೈಟ್ ಬಂತು ಅಂದ್ರೆ ಒಂದೋ ಪ್ರೆಶರ್ ಹತ್ರ ಹತ್ರ ಖಾಲಿ, ಇಲ್ಲಾ ಸ್ವಿಚ್ ಸುಳ್ಳು ಹೇಳ್ತಿದೆ. ಬಿಸಿ ಆದ್ಮೇಲೆ ಸ್ಲೋನಲ್ಲೇ (ರೇಸ್ ಕೊಡದೆ ಇಂಜಿನ್ ತಾನಾಗೇ ತಿರುಗ್ತಿರೋವಾಗ) ಯಾಕೆ ಅಂದ್ರೆ, ಬಿಸಿಗೆ ಆಯಿಲ್ ತೆಳ್ಳಗಾಗುತ್ತೆ, ಪಂಪು ಇಂಜಿನ್ ಜೊತೇನೇ ತಿರುಗೋದ್ರಿಂದ ಸ್ಲೋನಲ್ಲಿ ತಳ್ಳೋದೂ ಕಮ್ಮಿ. ಪಂಪ್ ಬರೀ ಆಯಿಲ್ ತಳ್ಳುತ್ತೆ ಅಷ್ಟೇ, ಪ್ರೆಶರ್ ಹುಟ್ಟೋದು ಇಂಜಿನ್ನಿನ ತಿರುಗೋ ಭಾಗಗಳು ಕೂರೋ ಬೇರಿಂಗ್‌ಗಳ ಸಣ್ಣ ಸಂದೀಲಿ ಅದು ತಡೆದು ನುಗ್ಗುವಾಗ. ಆ ಸಂದಿ ಸವೆದು ದೊಡ್ಡದಾದ್ರೂ ಪ್ರೆಶರ್ ಹೋಗುತ್ತೆ, ಪಂಪಿಗೆ ಆಯಿಲ್ ಸರಿಯಾಗಿ ಸಿಗದಿದ್ರೂ ಹೋಗುತ್ತೆ.

ಸಮ ಜಾಗದಲ್ಲಿ ನಿಲ್ಲಿಸಿ ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಡಿಪ್ ಸ್ಟಿಕ್ ಇನ್ನೊಂದ್ಸಲ ನೋಡಿ, ಮೂಸಿ ಕೂಡ ನೋಡಿ. ಪೆಟ್ರೋಲ್ ವಾಸನೆ ಬಂದು ಲೆವೆಲ್ ಏರ್ತಾ ಇದ್ರೆ ಆಯಿಲ್ಗೆ ಪೆಟ್ರೋಲ್ ಸೇರಿ ತೆಳ್ಳಗಾಗಿದೆ, ಇಂಜೆಕ್ಟರ್ ಕಡೆ ನೋಡ್ಬೇಕು. ಆಮೇಲೆ ಪ್ರೆಶರ್ ಸ್ವಿಚ್ಚಿನ ಕನೆಕ್ಟರ್ ಎಳೀರಿ, ಒಳಗೆ ಆಯಿಲ್ ಇದ್ರೆ ಸ್ವಿಚ್ ಒಳಗಿಂದ ಲೀಕು, ಬದಲಾಯಿಸಿ. ಆದ್ರೂ ಅಲ್ಲಿಗೇ ನಿಲ್ಲಿಸ್ಬೇಡಿ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕ್ಸಿ. ಥ್ರೆಡ್ ಗಾಡಿಯಿಂದ ಗಾಡಿಗೆ ಬೇರೆ ಇರುತ್ತೆ, ಹೊಂದದ ಅಡಾಪ್ಟರ್ ಒತ್ತಿ ತಿರುಗಿಸಿದ್ರೆ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ಡೇ ಹೋಗುತ್ತೆ. ತಣ್ಣಗಿದ್ದಾಗ ಒಂದು ರೀಡಿಂಗ್, ಫ್ಯಾನ್ ಆನ್ ಆಗೋಷ್ಟು ಬಿಸಿ ಆದ್ಮೇಲೆ ಸ್ಲೋನಲ್ಲೊಂದು, 3000 ಆರ್‌ಪಿಎಂನಲ್ಲಿ ಹಿಡಿದಿಟ್ಟು ಒಂದು. ಬರ್ದು ಹಾಕಿ.

ಇನ್ನೊಬ್ರ ಕಾಮೆಂಟ್:
ಇಷ್ಟೆಲ್ಲಾ ಯಾಕೆ ಬ್ರೋ, 20ಡಬ್ಲ್ಯೂ-50 ಅಂತ ದಪ್ಪ ಆಯಿಲ್ ಬರುತ್ತೆ, ಅದು ಹಾಕಿ, ಲೈಟ್ ಮತ್ತೆ ಬರಲ್ಲ.

ಉತ್ತರ (ಮೆಕ್ಯಾನಿಕ್):
ಬರದೇನೂ ಇರಬಹುದು, ಅದೇ ತೊಂದ್ರೆ. ದಪ್ಪ ಆಯಿಲ್ ಹಾಕಿದ್ರೆ ಗೇಜಲ್ಲಿ ಮುಳ್ಳು ಏರುತ್ತೆ, ಆದ್ರೆ ಬೇರಿಂಗಿಗೆ ಹರಿಯೋದು ಜಾಸ್ತಿ ಆಗಲ್ಲ. ಸ್ಟ್ರೈನರ್ (ಪಂಪಿಗೆ ಹೋಗೋ ಆಯಿಲ್ ಸೋಸೋ ಜಾಲರಿ) ಕಟ್ಕೊಂಡಿದ್ರಂತೂ ದಪ್ಪ ಆಯಿಲ್ ಎಳ್ಕೊಳ್ಳೋಕೆ ಇನ್ನೂ ಕಷ್ಟ. ಗಾಡಿ ಮಾರೋರು ಮಾಡೋ ಕೆಲಸ ಇದು, ಇಟ್ಕೊಳ್ಳೋರು ಮಾಡೋದಲ್ಲ.

ಪ್ರಶ್ನೆ ಕೇಳಿದವರು:
ಗೇಜ್ ಹಾಕ್ಸಿದೆ ಸರ್. ಪೆಟ್ರೋಲ್ ವಾಸನೆ ಇಲ್ಲ, ಕನೆಕ್ಟರ್ ಒಣಗಿದೆ. ತಣ್ಣಗಿದ್ದಾಗ 3.2 ಬಾರ್. ಬಿಸಿ ಆದ್ಮೇಲೆ ಸ್ಲೋನಲ್ಲಿ 0.4. 3000ದಲ್ಲಿ ಹಿಡಿದ್ರೆ ಮೊದ್ಲು 2 ತೋರ್ಸುತ್ತೆ, ಹಂಗೇ ಹಿಡ್ಕೊಂಡಿದ್ರೆ 1.2ಕ್ಕೆ ಜಾರುತ್ತೆ. ಇನ್ನೊಂದು ವಿಷ್ಯ, ಹಿಂದೆ ಲೀಕ್ ಅಂತ ಇಂಜಿನ್ ಕೆಳಗೆ ಆಯಿಲ್ ನಿಲ್ಲೋ ಚೇಂಬರ್ ಬಿಚ್ಚಿ ಸಿಲಿಕಾನ್ (ಲೀಕ್ ತಡೆಯೋ ಪೇಸ್ಟ್) ಹಾಕಿ ಕೂರಿಸಿದ್ರು.

ಉತ್ತರ (ಮೆಕ್ಯಾನಿಕ್):
ಆ ಜಾರೋದೇ ಸುಳಿವು. ಸ್ವಿಚ್ ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ಪ್ರೆಶರ್ ಇಲ್ಲ. ಬರೀ ಬೇರಿಂಗ್ ಸವೆದಿದ್ರೆ ರೇಸ್ ಕೊಟ್ಟಾಗ ಏರಿ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ, ಪಂಪಿನ ರಿಲೀಫ್ ವಾಲ್ವ್ (ಪ್ರೆಶರ್ ಜಾಸ್ತಿ ಆದ್ರೆ ಬಿಡೋ ವಾಲ್ವ್) ತೆರೆದು ಸಿಕ್ಕಾಕೊಂಡಿದ್ರೆ ತಣ್ಣಗಿದ್ದಾಗ್ಲೂ ಕಮ್ಮಿ ಇರ್ತಿತ್ತು. ಹಿಡಿದಿಟ್ಟಾಗ ಇಳಿಯೋದು ಅಂದ್ರೆ ಪಂಪಿಗೆ ಬೇಕಾದಷ್ಟು ಆಯಿಲ್ ಮೇಲಕ್ಕೆ ಬರ್ತಿಲ್ಲ. ಚೇಂಬರ್ ಅಂಚಿಗೆ ಸಿಲಿಕಾನ್ ಜಾಸ್ತಿ ಬಳಿದ್ರೆ ಅರ್ಧ ಹೊರಗೆ ಬರುತ್ತೆ, ಇನ್ನರ್ಧ ಒಳಗೆ, ಹೊರಗಿಂದು ಒರೆಸ್ತಾರೆ, ಒಳಗಿಂದು ಕಿತ್ಕೊಂಡು ಸ್ಟ್ರೈನರ್ ಜಾಲರಿಗೆ ಅಂಟ್ಕೊಳ್ಳುತ್ತೆ. ಬೇರಿಂಗ್ ಸವೆತ ಜೊತೆಗೆ ಇಲ್ಲ ಅಂತ ಈಗ್ಲೇ ಹೇಳೋಕಾಗಲ್ಲ, ಸ್ಟ್ರೈನರ್ ಸರಿ ಮಾಡಿ ಮತ್ತೆ ಅಳೆದ್ರೆ ಗೊತ್ತಾಗುತ್ತೆ.

ಚೇಂಬರ್ ಇಳಿಸಿ. ಅದಕ್ಕೆ ಮುಂಚೆ ಫ್ಲಶ್ ಆಯಿಲ್ ಹಾಕಿ ಓಡಿಸೋಣ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ, ಬಿಟ್ಕೊಂಡ ಕೊಳೆ ಎಲ್ಲಾ ಅದೇ ಜಾಲರಿಗೇ ಬಂದು ಕೂರುತ್ತೆ. ಸ್ಟ್ರೈನರ್ ಪೈಪು ಪಂಪಿಗೆ ಸೇರೋ ಕಡೆ ಓ-ರಿಂಗ್ (ರಬ್ಬರ್ ಉಂಗುರ) ಇದ್ರೆ ಹೊಸದು ಹಾಕಿ, ಗಟ್ಟಿಯಾದ ಓ-ರಿಂಗಿಂದ ಪಂಪು ಆಯಿಲ್ ಜೊತೆ ಗಾಳೀನೂ ಎಳ್ಕೊಳ್ಳುತ್ತೆ. ಚೇಂಬರ್ ತಳದ ಗಸಿ ಬೆರಳಲ್ಲಿ ಉಜ್ಜಿ ನೋಡಿ, ಹಳೇ ಫಿಲ್ಟರ್ ಕೊಯ್ದು ಬಿಡ್ಸಿ ನೋಡಿ. ಮಿನುಗೋ ಲೋಹದ ಪುಡಿ ಇದ್ರೆ ಬೇರಿಂಗ್ ಸವೆದಿರಬಹುದು, ಅಲ್ಲೇ ನಿಲ್ಲಿಸಿ ಒಂದು ಕನೆಕ್ಟಿಂಗ್ ರಾಡಿನ (ಪಿಸ್ಟನ್ನಿಗೆ ಸೇರಿರೋ ರಾಡ್) ಕ್ಯಾಪ್ ಬಿಚ್ಚಿ ಬೇರಿಂಗ್ ಶೆಲ್ ನೋಡ್ಲೇಬೇಕು.

ಪ್ರಶ್ನೆ ಕೇಳಿದವರು:
ಸರ್, ಜಾಲರಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು, ಸಿಲಿಕಾನ್ ಎಳೆ ಮತ್ತೆ ಕಪ್ಪು ಗಸಿ. ಓ-ರಿಂಗ್ ಚಪ್ಪಟೆ ಆಗಿ ಗಟ್ಟಿಯಾಗಿತ್ತು. ಲೋಹದ ಪುಡಿ ಎಲ್ಲೂ ಇಲ್ಲ. ವಾಪಸ್ ಕೂರಿಸೋವಾಗ ಏನು ನೋಡ್ಕೋಬೇಕು?

ಉತ್ತರ (ಮೆಕ್ಯಾನಿಕ್):
ಎರಡೂ ಕಡೆ ಹಳೇ ಸಿಲಿಕಾನ್ ಪೂರ್ತಿ ತೆಗೆದು ಒಣಗಿಸಿ, ಹೊಸದು ತೆಳುವಾಗಿ ಒಂದೇ ಗೆರೆ, ಟ್ಯೂಬ್ ಮೇಲೆ ಬರ್ದಿರೋಷ್ಟು ಹೊತ್ತು ಬಿಟ್ಟು ಆಮೇಲೆ ಆಯಿಲ್. ಫಿಲ್ಟರ್ ಹೊಸದು, ಆಯಿಲ್ ಗಾಡಿ ಪುಸ್ತಕದಲ್ಲಿ ಹೇಳಿರೋ ಗ್ರೇಡೇ. ಇಂಜಿನ್ ಸ್ಟಾರ್ಟ್ ಆಗೋಕೆ ಮುಂಚೆ ಆಯಿಲ್ ಮೇಲೆ ಬರ್ಲಿ ಅಂತ ಗಾಡಿ ಒಳಗಿನ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೀರಿ, ಗೇಜ್ ಮುಳ್ಳು ಅಲ್ಲಾಡಿದ್ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ.

ಪ್ರಶ್ನೆ ಕೇಳಿದವರು:
ಆಯ್ತು ಸರ್. ಬಿಸಿ ಆದ್ಮೇಲೆ ಸ್ಲೋನಲ್ಲಿ 1.1, 3000ದಲ್ಲಿ 3.4, ಹಿಡಿದಿಟ್ರೂ ಜಾರಲ್ಲ. ಓಡಿಸಬಹುದಾ?

ಉತ್ತರ (ಮೆಕ್ಯಾನಿಕ್):
ಓಡ್ಸಿ. 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದ್ರೆ ಸುಮಾರು 0.7 ಬಾರ್ ಅನ್ನೋದು ಹಳೇ ಲೆಕ್ಕ, ಅದಕ್ಕಿಂತ ಮೇಲೇ ಇದೆ. ಆದ್ರೂ ನಿಮ್ಮ ಇಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿರೋ ನಂಬರ್ ಜೊತೆ ಒಂದ್ಸಲ ಹೋಲ್ಸಿ ನೋಡಿ, ಅದೇ ಫೈನಲ್. ಮುಂದಿನ ಆಯಿಲ್ ಮತ್ತೆ ಫಿಲ್ಟರ್ 1500 ಕಿಮೀಗೇ ಬದಲಾಯಿಸಿ, ಒಳಗೆ ಉಳಿದಿರೋ ಗಸಿ ಬರ್ತಾನೇ ಇರುತ್ತೆ. ಗೇಜ್ ತೆಗೆದು ಸ್ವಿಚ್ ವಾಪಸ್ ಹಾಕೋವಾಗ ವಾಷರ್ ಇರೋ ಥರದ್ದಾದ್ರೆ ಹೊಸ ವಾಷರ್ ಹಾಕಿ, ಬಿಗಿಯಾದ್ಮೇಲೂ ಮತ್ತೆ ತಿರುಗಿಸ್ಬೇಡಿ.