ಅಪ್‌ಡೇಟ್: ಪಕ್ಕದ ಸೀಟಿನ ಸೆನ್ಸಾರ್ ತೊಂದರೆ ಕೊನೆಗೂ ಸಿಕ್ಕಿತು

ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ದೊಡ್ಡವರು ಕೂತರೂ ಏರ್‌ಬ್ಯಾಗ್ ಆಫ್ ದೀಪ (ಆ ಸೀಟಿನ ಏರ್‌ಬ್ಯಾಗ್ ಆಫ್ ಆಗಿದೆ ಅಂತ ತೋರಿಸುವುದು) ಆರುವುದಿಲ್ಲ, ಆಗಾಗ ವಾರ್ನಿಂಗ್ ಬೇರೆ ಬರುತ್ತದೆ ಅಂತ ಕೇಳಿದ್ದೆ. ಸೆನ್ಸಾರ್ ಮ್ಯಾಟ್ (ಯಾರಾದರೂ ಕೂತಿದ್ದಾರಾ ಅಂತ ಗುರುತಿಸುವ, ಕುಶನ್ನಿನ ಹಾಳೆ) ಹೋಗಿದೆ, ಕುಶನ್ ಸಮೇತ ಬದಲಿಸಿ ಅಂತ ಜಾಸ್ತಿ ಜನ ಹೇಳಿದ್ದರು. ಒಬ್ಬರು ಮಾತ್ರ ಸೀಟನ್ನು ಹಿಂದೆ ಮುಂದೆ ಸರಿಸಿ ನೋಡಿ ಅಂದರು. ಅವರಿಗೆ ದೊಡ್ಡ ಥ್ಯಾಂಕ್ಸ್.

ಸೀಟು ಪೂರ್ತಿ ಹಿಂದೆ ಹೋದಾಗ ಮಾತ್ರ ತೊಂದರೆ. ಮ್ಯಾಟೇ ಕೆಟ್ಟಿದ್ದರೆ ಸೀಟು ಎಲ್ಲಿದ್ದರೇನು, ಅಲ್ವಾ? ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಕಾದೆ (ಏರ್‌ಬ್ಯಾಗ್ ಮಾಡ್ಯೂಲಿನಲ್ಲಿ ಚಾರ್ಜ್ ಉಳಿದಿರುತ್ತದೆ, ಇದನ್ನು ಬಿಡಬೇಡಿ). ಆಮೇಲೆ ಸೀಟಿನ ಕೆಳಗೆ ಸೆನ್ಸಾರಿನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ (ವೈರ್ ತುಂಡಾಗದೆ ಇದ್ದರೆ ಬೀಪ್ ಬರುತ್ತದೆ) ನೋಡುತ್ತಾ ವೈರುಗಳನ್ನು ಅಲುಗಾಡಿಸಿದೆ. ಬೀಪ್ ನಿಂತು ನಿಂತು ಬಂತು. ಸೀಟಿನ ರೈಲಿಗೆ ಉಜ್ಜಿ ಉಜ್ಜಿ ಒಂದು ವೈರಿನ ಸಿಪ್ಪೆ ಸವೆದು, ಒಳಗಿನ ಎಳೆಗಳು ಮುಕ್ಕಾಲು ತುಂಡಾಗಿದ್ದವು. ಪಕ್ಕದಲ್ಲಿದ್ದ ಹಳದಿ ಕನೆಕ್ಟರಿಗೆ ಮೀಟರ್ ಹಚ್ಚಲೇ ಇಲ್ಲ. ಅದು ಸೈಡ್ ಏರ್‌ಬ್ಯಾಗಿನದು, ಮೀಟರಿನ ಕರೆಂಟಿಗೇ ಸಿಡಿಯುವ ಅಪಾಯ ಇರುತ್ತದೆ.

ಕೆಟ್ಟ ತುಂಡು ಕತ್ತರಿಸಿ ಹೊಸ ವೈರ್ ಸೇರಿಸಿ, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ, ರೈಲಿಗೆ ತಾಗದ ಹಾಗೆ ಕಟ್ಟಿದೆ. ಕಾರಿನಲ್ಲಿ ದಾಖಲಾಗಿದ್ದ ತೊಂದರೆಯ ಕೋಡ್ ಅಳಿಸಿ, ಖಾಲಿ ಸೀಟಿನಲ್ಲಿ ಝೀರೋ ಕ್ಯಾಲಿಬ್ರೇಷನ್ (ಖಾಲಿ ಸೀಟನ್ನು ಸೊನ್ನೆ ಅಂತ ಸೆನ್ಸಾರಿಗೆ ಹೊಂದಿಸುವುದು) ಮಾಡಿಸಿದೆ. ಈಗ ಸೀಟು ಎಲ್ಲಿದ್ದರೂ ಆ ದೀಪ ಸರಿಯಾಗಿ ಆರುತ್ತಿದೆ. ಕುಶನ್ ಮುಟ್ಟುವ ಅಗತ್ಯವೇ ಬರಲಿಲ್ಲ.