ಏರ್ ರೈಫಲ್: ನಡುನಡುವೆ ಒಂದೊಂದು ಗುಂಡು ದಾರಿ ತಪ್ಪುತ್ತಿದೆ, ಬ್ಯಾರಲ್ ಬದಲಿಸಬೇಕಾ?

ಪ್ರಶ್ನೆ:
ನಮಸ್ಕಾರ. ನಾವು ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಮಗಳಿಗೆ 15 ವರ್ಷ, ಬಾಲೇವಾಡಿಯಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಮೂರು ವಾರದಿಂದ ಒಂದೇ ಗೋಳು. ಐದಾರು ಗುಂಡು ಚೆನ್ನಾಗಿ 10ಕ್ಕೆ ಬೀಳುತ್ತವೆ, ಆಮೇಲೆ ಒಂದು 8ಕ್ಕೆ ಹೋಗುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ. "ಅಮ್ಮಾ, ನನ್ನ ಕೈ ಅಲುಗಾಡಲೇ ಇಲ್ಲ" ಅಂತ ಅಳುತ್ತಾಳೆ. ರೈಫಲ್ ಕೊಂಡು ಎರಡೂವರೆ ವರ್ಷ ಆಯಿತು. ರಿಪೇರಿಯವರು ಬ್ಯಾರಲ್, ಅಂದರೆ ನಳಿಕೆ, ಸವೆದಿದೆ ಅಂದರು. ಖರ್ಚು ಸಣ್ಣದಲ್ಲ. ಏನು ಮಾಡಲಿ?

ಉತ್ತರ:
ಮೇಡಂ, ಬ್ಯಾರಲ್‌ಗೆ ಈಗಲೇ ದುಡ್ಡು ಹಾಕಬೇಡಿ. ಪೆಲೆಟ್, ಅಂದರೆ ಏರ್ ರೈಫಲ್‌ನ ಗುಂಡು, ಮೆತ್ತನೆಯ ಸೀಸದ್ದು. ಅದು ಉಕ್ಕಿನ ಬ್ಯಾರಲನ್ನು ಎರಡೂವರೆ ವರ್ಷದಲ್ಲಿ ಸವೆಸುವುದಿಲ್ಲ.

ನೀವು ಬರೆದಿದ್ದರಲ್ಲೇ ಸುಳಿವು ಇದೆ. ಗುರಿ ನೋಡುವ ಸೈಟ್ ಜಾಗ ಬಿಟ್ಟು ಸರಿದಿದ್ದರೆ ಗುಂಡುಗಳ ಇಡೀ ಗುಂಪು ಪಕ್ಕಕ್ಕೆ ಸರಿಯುತ್ತದೆ. ಸಿಲಿಂಡರ್‌ನಲ್ಲಿ ಗಾಳಿ ತೀರಾ ಕಡಿಮೆಯಾದರೆ ಗುಂಡುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಐದು ಸರಿ, ಒಂದು ತಪ್ಪು, ಅದೂ ದಿಕ್ಕಿಲ್ಲದೆ ಅಂದರೆ ನಾನು ಮೊದಲು ಪೆಲೆಟ್ ಡಬ್ಬಿ ತೆರೆಯುತ್ತೇನೆ.

4.5 ಮಿಮೀ ಪೆಲೆಟ್‌ನ ತಲೆ ಚಪ್ಪಟೆ, ನಡು ಸಣ್ಣ, ಹಿಂಭಾಗ ಟೊಳ್ಳು. ಆ ಹಿಂಭಾಗವನ್ನು ಸ್ಕರ್ಟ್ ಅಂತೀವಿ. ಅದರ ಅಂಚು ತುಂಬಾ ತೆಳು, ಉಗುರಲ್ಲಿ ಒತ್ತಿದರೂ ತಗ್ಗು ಬೀಳುತ್ತದೆ. ಗಾಳಿಯ ಒತ್ತಡಕ್ಕೆ ಆ ಅಂಚು ಅರಳಿ ಬ್ಯಾರಲ್ ಗೋಡೆಗೆ ಅಂಟಿಕೊಳ್ಳಬೇಕು. ಒಂದು ಕಡೆ ನೆಗ್ಗಿದ್ದರೆ ಗಾಳಿ ಅಲ್ಲಿಂದ ಸೋರುತ್ತದೆ. ಹೊರಗೆ ಬರುವಾಗಲೇ ಪೆಲೆಟ್ ಓಲಾಡುತ್ತದೆ. ಈ ಆಟದಲ್ಲಿ 10ರ ಚುಕ್ಕೆ ಬರೀ ಅರ್ಧ ಮಿಮೀ, ಅಷ್ಟು ಓಲಾಟ ಸಾಕು.

ಇಂದು ರಾತ್ರಿ ಹೀಗೆ ಮಾಡಿ. ಬಿಳಿ ಹಾಳೆಯ ಮೇಲೆ ಐವತ್ತು ಪೆಲೆಟ್ ಹರಡಿ, ಸ್ಕರ್ಟ್ ಮೇಲೆ ಬರುವಂತೆ ನಿಲ್ಲಿಸಿ. ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಿ. ಬಾಯಿ ಪೂರ್ತಿ ದುಂಡಗಿರಬೇಕು. ಅನುಮಾನ ಬಂದದ್ದನ್ನು ಕನ್ನಡಿ ಮೇಲೆ ಉರುಳಿಸಿ. ಒಳ್ಳೆಯದು ನುಣ್ಣಗೆ ಒಂದು ಬಿಲ್ಲಿನ ಹಾಗೆ ಬಾಗಿ ಉರುಳುತ್ತದೆ, ನೆಗ್ಗಿದ್ದು ಕುಂಟುತ್ತದೆ. ಈ ಕೆಲಸ ಮಗಳೇ ಮಾಡಲಿ. ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಸೀಸ ಅಲ್ವಾ.

ನಾಳೆ ರೇಂಜ್‌ನಲ್ಲಿ ಕೋಚ್ ಎದುರಿಗೆ ರೈಫಲನ್ನು ಮರಳಿನ ಚೀಲದ ಮೇಲಿಟ್ಟು ಆರಿಸಿದ್ದು ಹತ್ತು, ನೆಗ್ಗಿದ್ದು ಹತ್ತು ಹೊಡೆಯಿಸಿ. ಎರಡು ಗುರಿ ಕಾರ್ಡ್ ಪಕ್ಕಪಕ್ಕ ಇಟ್ಟರೆ ಸಾಕು. ಎರಡೂ ಒಂದೇ ರೀತಿ ಹರಡಿದರೆ ಆಮೇಲೆ ಸ್ಟಾಕ್‌ನ, ಅಂದರೆ ಹೆಗಲಿಗೆ ಆನಿಸುವ ಭಾಗದ, ಸ್ಕ್ರೂ ನೋಡೋಣ.

ಹೇಗೆ ನೆಗ್ಗುತ್ತವೆ ಅಂದರೆ, ಜಾಸ್ತಿ ಸಲ ದಾರಿಯಲ್ಲಿ. ಅರ್ಧ ಖಾಲಿಯಾದ ಡಬ್ಬಿ ಸ್ಕೂಟರ್ ಡಿಕ್ಕಿಯಲ್ಲಿ ಕುಲುಕಿದರೆ ಪೆಲೆಟ್‌ಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ನನಗೂ ಹೀಗೇ ಆಗಿತ್ತು. ಒಂದಿಡೀ ಮಳೆಗಾಲ ನನ್ನ ಉಸಿರು, ನನ್ನ ನಿಲುವು, ಎಲ್ಲವನ್ನೂ ಬದಲಾಯಿಸಿ ನೋಡಿದ್ದೆ. ಅದಕ್ಕೇ ಕೇಳಿಕೊಳ್ಳುತ್ತೇನೆ: ಆ ಹುಡುಗಿಗೆ ನಿನ್ನ ಕೈ ಸರಿಯಿಲ್ಲ ಅಂತ ಯಾರೂ ಹೇಳಬೇಡಿ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಏರ್ ರೈಫಲ್ ಶೂಟರ್ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದಲ್ಲಿ 400ಕ್ಕೆ 400 ಹೊಡೆದರು. ಆಗ ಮಹಿಳೆಯರಿಗೆ ನಲವತ್ತು ಗುಂಡು, ಅದರಲ್ಲಿ ಒಂದೇ ಪೆಲೆಟ್ ಕೆಟ್ಟಿದ್ದರೂ ಆ ಅಂಕ ಬರುವುದು ಕಷ್ಟವಿತ್ತು.

ಪ್ರಶ್ನೆ ಕೇಳಿದವರು:
ಸರ್, ನೀವು ಹೇಳಿದ್ದೇ ನಿಜ. ಐವತ್ತರಲ್ಲಿ ಒಂಬತ್ತು ನೆಗ್ಗಿದ್ದವು. ಡಬ್ಬಿ ಮುಚ್ಚಳದ ಸ್ಪಂಜು ಎಲ್ಲೋ ಬಿದ್ದುಹೋಗಿದೆ. ಆರಿಸಿದ ಹತ್ತೂ ಒಂದೇ ತೂತಿನ ಹಾಗೆ ಬಿದ್ದವು, ನೆಗ್ಗಿದವು ಅಲ್ಲೊಂದು ಇಲ್ಲೊಂದು. ಆದರೂ ನಿಂತು ಹೊಡೆಯುವಾಗ ಆರಿಸಿದ್ದರಲ್ಲೂ ಒಂದು 8 ಬಂತು. ನೆಗ್ಗಿದವನ್ನು ಪೆನ್ನಿನ ತುದಿಯಲ್ಲಿ ಸರಿ ಮಾಡಬಹುದಾ? ಕೆಲವಕ್ಕೆ ಬಿಳಿ ಪುಡಿಯೂ ಹಿಡಿದಿದೆ.

ಉತ್ತರ:
ತುಂಬಾ ಖುಷಿಯಾಯಿತು. ಪೆನ್ನಿನಿಂದ ಬೇಡ. ದುಂಡಗೆ ಕಂಡರೂ ಅಂಚು ಒಂದೇ ಸಮ ಆಗುವುದಿಲ್ಲ. ಬಿಳಿ ಪುಡಿ ನಮ್ಮ ಪುಣೆಯ ಮಳೆಗಾಲದ ತೇವದಿಂದ ಸೀಸಕ್ಕೆ ಹಿಡಿದ ತುಕ್ಕಿನಂಥದ್ದು. ಅವನ್ನು ಊದಬೇಡಿ, ಬಳಸಲೂ ಬೇಡಿ. ಎಲ್ಲವನ್ನೂ ಬೇರೆ ಡಬ್ಬಿಗೆ ಹಾಕಿ, ರೇಂಜ್‌ನಲ್ಲಿ ಹಳೆ ಸೀಸ ಕೂಡಿಡುವ ಕಡೆ ಕೊಡಿ. ಮನೆ ಕಸಕ್ಕೆ ಸೇರಿಸಬೇಡಿ.

ಉಳಿದ ಆ ಒಂದು 8ಕ್ಕೆ ಅವಳು ಲೋಡ್ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ. ರೈಫಲ್‌ನಲ್ಲಿ ಪೆಲೆಟ್ ಇಡುವ ತೊಟ್ಟಿಯಲ್ಲಿ ಅದು ಓರೆಯಾಗಿ ಬಿದ್ದಿದ್ದು, ಅವಸರದಲ್ಲಿ ಲಿವರ್ ಮುಚ್ಚಿದರೆ ಒಳ್ಳೆಯ ಸ್ಕರ್ಟ್ ಕೂಡ ಅಲ್ಲೇ ಜಜ್ಜಿಹೋಗುತ್ತದೆ. ಈಗ ಸ್ಪರ್ಧೆಯಲ್ಲಿ 60 ಗುಂಡಿಗೆ 75 ನಿಮಿಷ ಇರುತ್ತದೆ, ಅವಸರ ಬೇಡ. ಬೆರಳಿನಿಂದ ನೇರ ಮಾಡಿ, ಮೆಲ್ಲಗೆ ಮುಚ್ಚಲಿ. ಲಿವರ್ ಬಿಗಿ ಅನಿಸಿದರೆ ಅಲ್ಲೇ ನಿಲ್ಲಿಸಿ, ಬಲವಂತ ಮಾಡದೆ ಕೋಚ್‌ನ ಕರೆಯಲಿ. ಡಬ್ಬಿಗೆ ಹೊಸ ಸ್ಪಂಜು ಕತ್ತರಿಸಿ ಹಾಕಿ, ಮುಚ್ಚಳ ಒತ್ತಿ ಕೂರುವಷ್ಟು ದಪ್ಪ ಇರಲಿ.