ಎರವಲು ತಂದ ಉರುಳಿ ಒಡೆದೆ. ಶುಕ್ರವಾರದ ಕೂಟದಲ್ಲಿ ಎಂತ ಸಾಕ್ಷಿ ಹೇಳಲಿ?

ಉರುಳಿ ಒಡೆದವಳು:

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಬೇಡಿ.

ನಮ್ಮದು ಉಡುಪಿ ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಶುಕ್ರವಾರ ಸಂಜೆ ಹೆಂಗಸರ ಪ್ರಾರ್ಥನಾ ಕೂಟ, ಒಂದೊಂದು ವಾರ ಒಂದೊಂದು ಮನೆಯಲ್ಲಿ. ಹಾಡು, ವಾಕ್ಯ, ಪ್ರಾರ್ಥನೆ ಆದ ಮೇಲೆ ಒಬ್ಬರು ಐದು ನಿಮಿಷ ಸಾಕ್ಷಿ ಹೇಳಬೇಕು. ಮನೆಯಲ್ಲಿ ನಡೆದ ಸಣ್ಣ ಸಂಗತಿ, ಅದರಿಂದ ದೇವರು ಕಲಿಸಿದ್ದು. ಆಮೇಲೆ ಚಹಾ.

ಉಳಿದವರು ತುಂಬ ಚೆಂದ ಹೇಳುತ್ತಾರೆ. ಒಬ್ಬರ ಸ್ಕೂಟರ್ ಪಂಕ್ಚರ್ ಆಯಿತು, ಕಾಯುವುದನ್ನು ಕಲಿತರು. ಇನ್ನೊಬ್ಬರ ಮಿಕ್ಸಿ ಸುಟ್ಟಿತು, ಶಕ್ತಿ ಮೀರಿ ಓಡಬಾರದು ಅಂತ ಗೊತ್ತಾಯಿತು. ಮತ್ತೊಬ್ಬರ ಕನ್ನಡಕ ಕಳೆದು ಫ್ರಿಜ್‌ನೊಳಗೆ ಸಿಕ್ಕಿತು. ಅದಕ್ಕೆ ಬೈಬಲಿನ ಲೂಕ 15ನೇ ಅಧ್ಯಾಯದ ಕಳೆದುಹೋದ ಬೆಳ್ಳಿ ನಾಣ್ಯ ಬಂತು, ದೀಪ ಹಚ್ಚಿ ಮನೆ ಗುಡಿಸಿದ ಹೆಂಗಸು ಬಂದಳು. ಕೇಳಲು ಖುಷಿಯೇ. ಆದರೆ ಮನೆಗೆ ಬಂದು ಯೋಚಿಸಿದರೆ, ಎಲ್ಲರ ಮನೆಯಲ್ಲೂ ಪಾಠಕ್ಕೆ ತಕ್ಕ ಹಾಗೆ ಸಾಮಾನು ಕೆಡುತ್ತದೆ, ನನ್ನ ಮನೆಯಲ್ಲಿ ಮಾತ್ರ ಸುಮ್ನೆ ಕೆಡುತ್ತದೆ ಅನಿಸುತ್ತದೆ.

ಈ ಶುಕ್ರವಾರ ನನ್ನ ಸರದಿ.

ನನ್ನ ಸಂಗತಿ ಇದು. ಕ್ರಿಸ್‌ಮಸ್‌ಗೆ ಅಂತ ಬಾಳೆಹಣ್ಣಿನ ಹಲ್ವ ಮಾಡಲು ಹೊರಟೆ. ನೇಂದ್ರ ಹಣ್ಣು ಎರಡು ಡಜನ್. ನಮ್ಮ ಬಾಣಲೆಯಲ್ಲಿ ಅಷ್ಟು ಹಿಡಿಯುವುದಿಲ್ಲ. ಪಕ್ಕದ ಮನೆ ಅಕ್ಕನ ಹತ್ತಿರ ಅವರ ಅತ್ತೆಯ ಕಾಲದ ಕಂಚಿನ ಉರುಳಿ ಇದೆ, ಅಗಲ ಬಾಯಿಯ ದೊಡ್ಡ ಪಾತ್ರೆ. ವರ್ಷಕ್ಕೆ ಎರಡು ಸಲ, ಅಷ್ಟಮಿಗೆ ಮತ್ತು ದೀಪಾವಳಿಗೆ ಮಾತ್ರ ಅಟ್ಟದಿಂದ ಇಳಿಯುವಂಥದ್ದು. ಕೇಳಿದೆ, ಕೊಟ್ಟರು. ಕೊಡುವಾಗ ಹೇಳಿದ್ದು ಇಷ್ಟೇ: "ಬಿಸಿ ಇರುವಾಗ ತಣ್ಣೀರು ಮುಟ್ಟಿಸ್ಬೇಡ."

ಮುಕ್ಕಾಲು ಗಂಟೆ ಮಗುಚಿದೆ. ಬಣ್ಣ ಬರುವ ಹೊತ್ತಿಗೆ ಮುಂಬೈಯಿಂದ ನಾದಿನಿಯ ಫೋನ್. ರೈಲಿನ ಟಿಕೆಟ್ ವಿಷಯ. ಉರಿ ಸಣ್ಣ ಮಾಡಿ ಹಾಲ್‌ಗೆ ಹೋದೆ. ಟಿಕೆಟ್‌ನಿಂದ ಮಾತು ಅವಳ ಮಗನ ಪರೀಕ್ಷೆಗೆ ಹೋಯಿತು, ಅಲ್ಲಿಂದ ಅತ್ತೆಯ ಮಂಡಿನೋವಿಗೆ. ವಾಸನೆ ಬಂದಾಗ ಓಡಿದೆ. ಮೇಲಿನ ಅರ್ಧ ಬಟ್ಟಲಿಗೆ ತೋಡಿಕೊಂಡೆ. ತಳದ್ದು ಡಾಂಬರಿನ ಹಾಗೆ ಹಿಡಿದಿತ್ತು, ಅಡುಗೆಮನೆ ತುಂಬ ಹೊಗೆ. ಗಾಬರಿಯಲ್ಲಿ ಉರುಳಿಯನ್ನು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದೆ.

ಟಣ್ ಅಂತ ಶಬ್ದ. ದೊಡ್ಡದೇನಲ್ಲ, ಚಮಚ ಕೆಳಗೆ ಬಿದ್ದ ಹಾಗೆ. ತಿಕ್ಕಿ ತೊಳೆದು ನೋಡಿದರೆ ಬಾಯಿಯಿಂದ ತಳದ ತನಕ ಕೂದಲಿನಷ್ಟು ತೆಳ್ಳಗಿನ ಗೆರೆ. ಬೆರಳಿನ ಗೆಣ್ಣಿನಿಂದ ಬಡಿದೆ. ತರುವ ದಿನ ಬಳೆ ತಾಗಿದರೂ ಚರ್ಚಿನ ಗಂಟೆಯ ಹಾಗೆ ಉದ್ದಕ್ಕೆ ಮೊಳಗುತ್ತಿತ್ತು. ಈಗ ಬೊದ್ ಅನ್ನುತ್ತದೆ, ಹಲಗೆ ಬಡಿದ ಹಾಗೆ.

ಇದಾಗಿ ಆರು ದಿನ. ಉರುಳಿಯನ್ನು ಹಳೆ ಸೀರೆಯಲ್ಲಿ ಸುತ್ತಿ ಮಂಚದ ಅಡಿಯಲ್ಲಿಟ್ಟಿದ್ದೇನೆ. ಸಾಕ್ಷಿ ಬರೆದೂ ಆಗಿದೆ, ಒಂದೂವರೆ ಪುಟ. ದೇವರು ನಮ್ಮನ್ನು ಬೆಂಕಿಯಲ್ಲಿ ಶೋಧಿಸುತ್ತಾರೆ, ತಾಳ್ಮೆ ಇಲ್ಲದವರು ಬಿರುಕು ಬಿಡುತ್ತಾರೆ, ಯೋಬ 23:10, ಚಿನ್ನ, ಹೀಗೆ. ಓದಿದರೆ ಚೆಂದ ಇದೆ. ನನಗೇ ನಂಬಿಕೆ ಬರುತ್ತಿಲ್ಲ. ಉರುಳಿ ಒಡೆದದ್ದು ದೇವರಲ್ಲ ಮಾರಾಯ್ರೆ, ನಾನು.

ಹೀಗೆ ಪ್ರತಿ ಎಡವಟ್ಟಿನಲ್ಲೂ ಪಾಠ ಹುಡುಕುವುದು ಸರಿಯಾ? ಅಥವಾ ಐದು ನಿಮಿಷ ತುಂಬಿಸಲು ದೇವರ ಹೆಸರು ಎಳೆದ ಹಾಗೆ ಆಗುತ್ತದಾ? ತಿಳಿದವರು ಹೇಳಿ.

ಮೀನುಪೇಟೆ:

ಮಂಚದ ಅಡಿಯಲ್ಲಿ ಯಾಕೆ? ಅಕ್ಕನಿಗೆ ಗೊತ್ತುಂಟಾ?

ಉರುಳಿ ಒಡೆದವಳು:

ಇಲ್ಲ. ಕ್ರಿಸ್‌ಮಸ್ ಕಳೆಯಲಿ ಅಂತ ಇದ್ದೇನೆ.

ಮೀನುಪೇಟೆ:

ಯಾರ ಕ್ರಿಸ್‌ಮಸ್? ಅವರದ್ದಲ್ಲವಲ್ಲ.

ನೈಟ್ ಡ್ಯೂಟಿ:

ನಾನು ನರ್ಸ್. ಕುಂದಾಪುರದವಳು, ಈಗ ಮಸ್ಕತ್‌ನಲ್ಲಿದ್ದೇನೆ. ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಪ್ರಶ್ನೆ ನನ್ನದೂ ಹೌದು. ಊರಿನ ಸಭೆಯಲ್ಲಿ ಒಂದು ಸಾಕ್ಷಿ ಕೇಳಿದ್ದೆ. ಒಬ್ಬರಿಗೆ ಬಸ್ ತಪ್ಪಿತು, ಆ ಬಸ್ ಮುಂದೆ ಹೋಗಿ ಅಪಘಾತ ಆಯಿತು, ದೇವರು ನನ್ನನ್ನು ಉಳಿಸಿದರು ಅಂತ ಹೇಳಿ ಅತ್ತರು. ಎಲ್ಲರೂ ಹಲ್ಲೆಲೂಯ ಅಂದರು. ನಾನೂ ಅಂದೆ. ರಾತ್ರಿ ಮಲಗಿದಾಗ ಬಸ್ಸಿನೊಳಗೆ ಇದ್ದವರ ನೆನಪು ಬಂತು. ಅವರ ತಾಯಂದಿರೂ ಬೆಳಿಗ್ಗೆ ಪ್ರಾರ್ಥನೆ ಮಾಡಿಯೇ ಕಳಿಸಿರುತ್ತಾರೆ, ಅಲ್ವಾ?

ಲೂಕ 13 ತೆಗೆದು ನೋಡಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಮಂದಿ ಸತ್ತರು. ಅವರು ಯೆರೂಸಲೇಮಿನ ಬೇರೆಲ್ಲರಿಗಿಂತ ಜಾಸ್ತಿ ತಪ್ಪು ಮಾಡಿದವರಾ ಅಂತ ಯೇಸು ಸ್ವಾಮಿಯೇ ಕೇಳುತ್ತಾರೆ. ಉತ್ತರವನ್ನೂ ಅವರೇ ಕೊಡುತ್ತಾರೆ: ಅಲ್ಲ. ಬುರುಜು ಯಾಕೆ ಬಿತ್ತು ಅಂತ ಮಾತ್ರ ಹೇಳುವುದಿಲ್ಲ. ಕೇಳುತ್ತಾ ನಿಂತವರ ಕಡೆಗೆ ತಿರುಗಿ, ನೀವು ದೇವರ ಕಡೆಗೆ ತಿರುಗಿಕೊಳ್ಳಿ ಅನ್ನುತ್ತಾರೆ.

ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಕಾಲು ಮುರಿದವನ ಮಂಚದ ಪಕ್ಕ ನಿಂತು 'ಇದರಲ್ಲೂ ದೇವರ ಉದ್ದೇಶ ಇದೆ' ಅನ್ನುವವರು ಹತ್ತು ನಿಮಿಷದಲ್ಲಿ ಹೊರಡುತ್ತಾರೆ. ಮೂತ್ರದ ಬಾಟಲಿ ಕೊಡುವವರು ಬೇರೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಮಾಡಿದ ಒಳ್ಳೆ ಕೆಲಸ ಅಂದರೆ ಮೊದಲ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಬಾಯಿ ಮುಚ್ಚಿ ಕೂತದ್ದು. ಬಾಯಿ ಬಿಟ್ಟ ಮೇಲೆ ಕೆಟ್ಟಿತು.

ನನ್ನ ಎಡವಟ್ಟಿನಿಂದ ನಾನು ಏನಾದರೂ ಕಲಿತರೆ ಅದು ಸಾಕ್ಷಿ. ಬೇರೆಯವರ ನೋವಿನಿಂದ ನಾನು ಪಾಠ ತೆಗೆದರೆ ಅದು ಕಳ್ಳತನ. ಅಷ್ಟೇ ನನಗೆ ಗೊತ್ತಿರುವುದು. ನಿಮ್ಮ ಉರುಳಿ ಮೊದಲನೆಯ ಜಾತಿ ಅಂದುಕೊಂಡಿದ್ದೆ. ಈಗ ನೋಡಿದರೆ ಅಕ್ಕನ ಪಾಲೂ ಇದೆ.

ಪಾತ್ರೆ ಅಂಗಡಿ:

ನಾನು ಕ್ರೈಸ್ತನಲ್ಲ. ಉರುಳಿ ಅಂತ ಕಂಡು ಒಳಗೆ ಬಂದೆ 😀

ಕಂಚು ಅಂದರೆ ತಾಮ್ರ ಮತ್ತು ತವರ. ಗಂಟೆ ಎರಕ ಹೊಯ್ಯುವುದೂ ಇದರಿಂದಲೇ, ಅದಕ್ಕೇ ಆ ನಾದ. ತವರ ಜಾಸ್ತಿ ಇದ್ದಷ್ಟು ಗಟ್ಟಿ, ಆದರೆ ಪೆಡಸು. ಹಿತ್ತಾಳೆಯ ಹಾಗೆ ಬಾಗುವುದಿಲ್ಲ, ಸೀಳುತ್ತದೆ. ಬಿಸಿ ಉರುಳಿಗೆ ತಣ್ಣೀರು ಬಿದ್ದರೆ ನೀರು ತಾಗಿದ ಜಾಗ ಗಕ್ಕನೆ ಕುಗ್ಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ನೀವು ಕೇಳಿದ ಟಣ್ ಅದೇ.

ಬೆಸುಗೆ ಹಾಕಿಸಿದರೂ ಮತ್ತೆ ಒಲೆ ಮೇಲೆ ನಂಬುವ ಹಾಗಿಲ್ಲ. ಎಸೆಯಬೇಡಿ ಮಾತ್ರ. ಹಳೆ ಕಂಚನ್ನು ತೂಕಕ್ಕೆ ತಗೊಳ್ಳುತ್ತಾರೆ, ಕರಗಿಸಿ ಹೊಸದಕ್ಕೆ ಸೇರಿಸುತ್ತಾರೆ. ಹೊಸದು ಕೊಳ್ಳುವಾಗ ಆ ಬೆಲೆ ಕಳೆದು ಉಳಿದದ್ದು ಕೊಟ್ಟರೆ ಆಯಿತು. ಬಡಿದು ನೋಡಿ ತಗೊಳ್ಳಿ.

ಹಳೇ ಬೋರ್ಡಿಂಗ್:

ತಂಗೀ, ನಾನು ಧಾರವಾಡದ ನಿವೃತ್ತ ಮಾಸ್ತರ. ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನು. ಅಲ್ಲಿ ರಾತ್ರಿ ಊಟದ ಮುಂಚೆ ಇವತ್ತು ಏನು ತಪ್ಪಿತು, ಏನು ಕಲಿತೆ ಅಂತ ಒಬ್ಬೊಬ್ಬರೇ ಹೇಳಬೇಕಿತ್ತು. ಹಸಿವಿನಲ್ಲಿ ಎಲ್ಲರೂ ಬೇಗ ಬೇಗ ಕಲಿಯುತ್ತಿದ್ದೆವು.

ಆದರೂ ಈ ಅಭ್ಯಾಸವನ್ನು ಪೂರ್ತಿ ಬಯ್ಯಲಾರೆ. ಇದು ನಮ್ಮ ರಕ್ತದಲ್ಲೇ ಇದೆ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಾಕ್ಯವನ್ನು ಚೀಟಿ ಎತ್ತಿ ಆರಿಸಿ, 1731ರಿಂದ ವರ್ಷವರ್ಷ ಪುಸ್ತಕವಾಗಿ ಅಚ್ಚು ಹಾಕುತ್ತಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರೂ ಅಂಥದೇ ಭಕ್ತಿಯ ಗಾಳಿಯಲ್ಲಿ ಬೆಳೆದವರು. ದಿನದ ವಾಕ್ಯ, ದಿನದ ಸಂಗತಿ, ಎರಡನ್ನೂ ಎದುರು ಬದುರು ಇಟ್ಟು ನೋಡುವುದು. ಈಗ ನಾವು ಡಿಸೆಂಬರ್ 31ರ ರಾತ್ರಿ ಹೊಸ ವರ್ಷಕ್ಕೆ ಅಂತ ಒಂದೊಂದು ಬೈಬಲ್ ವಾಕ್ಯ ಬರೆದ ವಾಗ್ದಾನದ ಕಾರ್ಡ್ ಎತ್ತುತ್ತೇವಲ್ಲ, ಅದೂ ಅದೇ ಮನೆತನದ್ದು. ಒಳ್ಳೆ ವಾಕ್ಯ ಬರದಿದ್ದರೆ ಇನ್ನೊಂದು ಎತ್ತುವವರನ್ನೂ ಕಂಡಿದ್ದೇನೆ, ಇರಲಿ.

ಯೇಸು ಸ್ವಾಮಿಯೂ ಮನೆ ಸಾಮಾನಿನಿಂದಲೇ ಮಾತಾಡಿದವರು. ಹಳೆ ಬಟ್ಟೆಗೆ ಹೊಸ ತೇಪೆ ಹಾಕಿ ಹರಿದದ್ದು, ಹಳೆ ತೊಗಲಿನ ಚೀಲಕ್ಕೆ ಹೊಸ ದ್ರಾಕ್ಷಾರಸ ಹಾಕಿ ಒಡೆದದ್ದು. ಇವೆಲ್ಲ ಯಾರದೋ ಮನೆಯಲ್ಲಿ ನಿಜವಾಗಿ ಆಗಿ, ಹೆಂಡತಿ ಗಂಡನನ್ನು ಬೈದಿರುವ ಸಂಗತಿಗಳೇ. ಆದರೆ ಚೀಲವನ್ನು ದೇವರು ಒಡೆದ ಅಂತ ಅವರು ಎಲ್ಲೂ ಹೇಳಲಿಲ್ಲ.

ನಿನ್ನ ಸಂಗತಿಗೆ ಯೋಬ ಬೇಡ. 2 ಅರಸುಗಳು 6 ಓದು. ಪ್ರವಾದಿ ಎಲೀಷನ ಶಿಷ್ಯರು ಯೊರ್ದನ್ ನದಿಯ ದಡದಲ್ಲಿ ಮರ ಕಡಿಯುತ್ತಿದ್ದಾರೆ. ಒಬ್ಬನ ಕೊಡಲಿ ಕಳಚಿ ನೀರಿಗೆ ಬೀಳುತ್ತದೆ. ಅವನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? ಅಯ್ಯೋ, ಅದು ಕೇಳಿ ತಂದದ್ದು ಅಂತ. ಅವನಿಗೆ ಮೊದಲು ನೆನಪಾದದ್ದು ಕೊಡಲಿಯ ಯಜಮಾನ. ಎಲೀಷ ಅವನಿಗೆ ಪ್ರಸಂಗ ಮಾಡುವುದಿಲ್ಲ. ಯಾಕೆ ಬಿತ್ತು ಅಂತಲೂ ಕೇಳುವುದಿಲ್ಲ. ಎಲ್ಲಿ ಬಿತ್ತು ಅಂತ ಕೇಳುತ್ತಾನೆ. ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ, ಆಮೇಲೆ ಆ ಕೊಡಲಿಯ ಕಬ್ಬಿಣ ನೀರಿನ ಮೇಲೆ ತೇಲಿದ್ದನ್ನೇ ದೊಡ್ಡದು ಮಾಡಿ ಹೇಳಿಕೊಟ್ಟೆ. ಈಗ ಆ 'ಎಲ್ಲಿ' ಅನ್ನುವ ಮಾತೇ ಜಾಸ್ತಿ ಹಿಡಿಸುತ್ತದೆ.

ನಿನ್ನದು ಎಲ್ಲಿ ಬಿತ್ತು? ಸಿಂಕಿನಲ್ಲಿ ಅಂತ ಹೇಳಬೇಡ. ಮತ್ತಾಯ 5:23ರಿಂದ ಎರಡು ವಚನ ಓದು, ನಿನ್ನ ಮೇಲೆ ಸಹೋದರನಿಗೆ ಬೇಸರ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುವುದು. ಆ ಒಂದೂವರೆ ಪುಟವನ್ನೂ ಹಾಗೇ ಬಿಟ್ಟು ಹೋಗು.

ಅಡಿಕೆ ತೋಟ:

ನಾವು ಕಥೊಲಿಕರು. ಸಾಮಾನು ಕಳೆದರೆ ಸಂತ ಅಂತೋಣಿಯವರಿಗೆ ಮೊರೆ, ಒಡೆದರೆ ಯಾರಿಗೆ ಅಂತ ನನಗೂ ಗೊತ್ತಿಲ್ಲ.

ಪಾಠ ಅನ್ನುವುದು ಶುಕ್ರವಾರದೊಳಗೆ ಬರಲೇಬೇಕು ಅಂತ ಇಲ್ಲ, ಅದಕ್ಕೆ ಒಂದು ಉದಾಹರಣೆ. ಮಂಗಳೂರಿನಲ್ಲಿ 1880ರಲ್ಲಿ ಕಾಲೇಜು ತೆರೆದ ಜೆಸ್ವಿತ್ ಅನ್ನುವ ಕಥೊಲಿಕ ಗುರುಗಳ ಸಂಘದ ಸಂಸ್ಥಾಪಕ ಇಗ್ನೇಷಿಯಸ್ ಮೊದಲು ಯುದ್ಧಕ್ಕೆ ಹೋಗುವ ಶೋಕಿವಾಲ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಪುಡಿಯಾಯಿತು. ಮೂಳೆ ಸರಿ ಕೂರಲಿಲ್ಲ. ಉಬ್ಬಿದ ಮೂಳೆ ಇದ್ದರೆ ಬೂಟು ಚೆಂದ ಕಾಣುವುದಿಲ್ಲ ಅಂತ ಅದನ್ನು ಗರಗಸದಲ್ಲಿ ಕುಯ್ಯಿಸಿಕೊಂಡ ಮನುಷ್ಯ! ಓದಲು ವೀರರ ಕಥೆ ಕೇಳಿದ, ಮನೆಯಲ್ಲಿ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆ. ತಿಂಗಳುಗಟ್ಟಲೆ ಮಲಗಿದಲ್ಲೇ, ಯಾವ ಯೋಚನೆ ಮನಸ್ಸನ್ನು ಒಣಗಿಸುತ್ತದೆ, ಯಾವುದು ತಂಪು ಉಳಿಸುತ್ತದೆ ಅಂತ ಗಮನಿಸುತ್ತಾ ಹೋದ. ಗುಂಡಿಗೆ ಅವನು ಅರ್ಥ ಕಟ್ಟಲಿಲ್ಲ, ತನ್ನೊಳಗೆ ನೋಡಿಕೊಂಡ. ನೀವೂ ನಿಮ್ಮ ಆರು ದಿನ ನೋಡಿಕೊಳ್ಳಿ. ಅಕ್ಕ ಎದುರು ಸಿಕ್ಕಾಗ ಒಳಗೆ ಹೇಗಾಯಿತು?

ಉರುಳಿ ಒಡೆದವಳು:

ಶನಿವಾರ ಬರೆಯುತ್ತಿದ್ದೇನೆ. ಎಲ್ಲರಿಗೂ ಉತ್ತರ ಒಟ್ಟಿಗೆ.

ಒಳಗೆ ಹೇಗಾಯಿತು ಅಂದರೆ, ಬಟ್ಟೆ ಒಣಗಿಸುವಾಗ ಅವರು 'ಹಲ್ವ ಹೇಗೆ ಬಂತು' ಅಂತ ಕೇಳಿದ್ದರು. 'ಒಳ್ಳೆದಾಯ್ತು ಅಕ್ಕ' ಅಂದಿದ್ದೆ. ಅದನ್ನು ಇಲ್ಲಿ ಬರೆದಿರಲಿಲ್ಲ.

ಗುರುವಾರ ಸಂಜೆ ಹೋದೆ. ಅಕ್ಕ ತುಳಸಿಗೆ ದೀಪ ಇಡುತ್ತಿದ್ದರು. ಮುಗಿಯುವ ತನಕ ಅಂಗಳದಲ್ಲಿ ನಿಂತೆ. ಆಮೇಲೆ ಸೀರೆ ಬಿಚ್ಚಿ ಉರುಳಿಯನ್ನು ಜಗಲಿಯ ಮೇಲಿಟ್ಟೆ. ಹೇಳಬೇಕಾದ್ದು ಬಾಯಿಗೆ ಬರುವ ಮುಂಚೆ ಅವರೇ ಗೆಣ್ಣಿನಿಂದ ಬಡಿದರು. ಬೊದ್. ಸ್ವಲ್ಪ ತಿರುಗಿಸಿ ಇನ್ನೊಂದು ಕಡೆ ಬಡಿದರು. ಅಲ್ಲೂ ಬೊದ್.

ಪರವಾಗಿಲ್ಲ ಅನ್ನುತ್ತಾರೆ ಅಂತ ನನಗೆ ಒಳಗೊಳಗೇ ಧೈರ್ಯ ಇತ್ತು. ಅನ್ನಲಿಲ್ಲ.

"ಎಷ್ಟು ದಿನ ಆಯ್ತು?"

"ಎಂಟು."

"ಎಂಟು ದಿನ ನನ್ನ ಎದುರೇ ಬಟ್ಟೆ ಒಣಗಿಸಿದಿ."

ಅಷ್ಟು ಹೇಳಿ ಒಳಗೆ ಹೋದರು. ಉರುಳಿಯನ್ನು ಏನು ಮಾಡಬೇಕು ಅಂತ ತಿಳಿಯದೆ ಅಲ್ಲೇ ಬಿಟ್ಟು ಬಂದೆ. ರಾತ್ರಿ ಊಟ ಸೇರಲಿಲ್ಲ.

ಶುಕ್ರವಾರ ಹತ್ತೂವರೆಗೆ ಅವರೇ ಬಾಗಿಲು ತಟ್ಟಿದರು. ಹೊರಡುವ ಸೀರೆ ಉಟ್ಟಿದ್ದರು, ಕೈಯಲ್ಲಿ ಉರುಳಿಯ ಚೀಲ. "ಅಂಗಡಿಗೆ ಹೋಗುವ, ಬಾ." ಆಟೋದಲ್ಲಿ ಮಾತಿಲ್ಲ. ಅಂಗಡಿಯಲ್ಲಿ ತೂಕ 4 ಕಿಲೋ 300 ಗ್ರಾಂ ಬಂತು. ಅಕ್ಕ ಏಳು ಉರುಳಿ ಬಡಿದು ನೋಡಿದರು, ಪ್ರತಿ ಸಲ ಕಿವಿ ಹತ್ತಿರ ತಂದು, ನಾದ ಪೂರ್ತಿ ನಿಲ್ಲುವ ತನಕ ಕಾದು. ಎಂಟನೆಯದು ಒಪ್ಪಿಗೆಯಾಯಿತು. ಮೇಲಿನ ದುಡ್ಡು ನಾನು ಕೊಟ್ಟೆ, ಅವರು ಬೇಡ ಅನ್ನಲಿಲ್ಲ. ಅದು ನನಗೆ ಹಗುರ ಆಯಿತು. ಹಳೆಯದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ಅತ್ತೆಯ ಹೆಸರು ಕೊರೆದಿತ್ತು. ಹೊಸದಕ್ಕೆ ಯಾರ ಹೆಸರು ಅಂತ ಅಂಗಡಿಯವನು ಕೇಳಿದ. "ಅದೇ ಹಾಕಿ" ಅಂದರು. ವಾಪಸ್ ಬರುವಾಗ ಮಾತ್ರ, ಆ ಹಳೆ ಉರುಳಿಗೆ ತಾನು ಸೊಸೆಯಾಗಿ ಬಂದ ವರ್ಷ ಒಮ್ಮೆ ಪಾಯಸ ಹಿಡಿಸಿ, ತಳ ತಿಕ್ಕಿ ತಿಕ್ಕಿ ಕೈ ಬೊಬ್ಬೆ ಬಂದದ್ದು ಹೇಳಿದರು. ನಗಲಿಲ್ಲ, ಸುಮ್ನೆ ಹೇಳಿದರು.

ಸಂಜೆ ಕೂಟದಲ್ಲಿ ನನ್ನ ಸರದಿ ಬಂತು. ಬರೆದ ಹಾಳೆ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ. ಉರುಳಿ ಒಡೆದದ್ದು, ಮಂಚದ ಅಡಿಯಲ್ಲಿಟ್ಟದ್ದು, 'ಒಳ್ಳೆದಾಯ್ತು' ಅಂದದ್ದು, ಎಂಟು ದಿನ, ಅಂಗಡಿ. ಎರಡು ನಿಮಿಷವೂ ಆಗಲಿಲ್ಲ, ಕೂತೆ. ಎಲ್ಲರೂ ವಾಕ್ಯಕ್ಕೆ ಕಾಯುತ್ತಿದ್ದರು. ಸಭೆಯ ಪಾದ್ರಿ ಅಯ್ಯನವರ ಹೆಂಡತಿ ಸ್ವಲ್ಪ ಹೊತ್ತು ನೋಡಿ "ಮೇಲಿನ ಅರ್ಧ ಹಲ್ವ ಉಂಟಾ ಇನ್ನೂ?" ಅಂತ ಕೇಳಿದರು. ಡಬ್ಬಿ ತಂದಿದ್ದೆ. ಸ್ವಲ್ಪ ಹೊಗೆ ವಾಸನೆ ಇತ್ತು, ಖಾಲಿಯಾಯಿತು.

ಚಹಾ ಕುಡಿಯುವಾಗ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ತನ್ನ ಹತ್ತಿರ ಯಾರದೋ ಹೆರೆಮಣೆ ಮೂರು ವರ್ಷದಿಂದ ಇದೆ ಅಂದರು. ಅದರ ಹಲ್ಲು ಮುರಿದಿದೆಯಂತೆ. ಅವರು ಹೋದ ಮೇಲೆ ಇನ್ನೊಬ್ಬರು ಬಂದರು, ಕುಕ್ಕರಿನ ವಿಷಯ ಹೇಳಲಿಕ್ಕೆ.